ಮೇಯರನ್ನು ಹಿಂದಕ್ಕೆ ಕರೆದ ಊರು



ಆರಿಸಿದವರನ್ನು ಅವಧಿಗೆ ಮೊದಲೇ ಇಳಿಸಬಹುದೇ ಎಂದು ನನ್ನ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ಅಮೆರಿಕದ ಲಾಸ್ ಏಂಜಲೀಸ್ ನಗರ 1903ರಲ್ಲೇ ಈ ಹಕ್ಕನ್ನು ಕಾನೂನಾಗಿಸಿತ್ತು. ಸಾಕಷ್ಟು ಮತದಾರರು ಸಹಿ ಹಾಕಿದರೆ ಮತ್ತೆ ಮತದಾನ ನಡೆಯಬೇಕು.

1933ರಲ್ಲಿ ಫ್ರಾಂಕ್ ಶಾ ಅಲ್ಲಿ ಮೇಯರಾದರು. ಜೂಜು ಅಡ್ಡೆಗಳಿಗೆ ಪೊಲೀಸರದೇ ರಕ್ಷಣೆ ಎಂಬ ದೂರು ಹಬ್ಬಿತು. ಅದನ್ನು ಬಯಲಿಗೆಳೆಯಲು ನಿಂತವರು ಕ್ಲಿಫರ್ಡ್ ಕ್ಲಿಂಟನ್. ರಾಜಕಾರಣಿಯಲ್ಲ, ಹೋಟೆಲಿನವರು, ದುಡ್ಡಿಲ್ಲದೆ ಬಂದವರಿಗೂ ಊಟ ಹಾಕುತ್ತಿದ್ದವರು. 1937ರಲ್ಲಿ ಅವರ ಮನೆಯಲ್ಲಿ ಬಾಂಬ್ ಸಿಡಿಯಿತು. ಪುಣ್ಯಕ್ಕೆ ಮನೆಮಂದಿ ಉಳಿದರು. 1938ರ ಜನವರಿಯಲ್ಲಿ ಈ ಹಗರಣ ಕೆದಕುತ್ತಿದ್ದ ಪತ್ತೇದಾರ ಹ್ಯಾರಿ ರೇಮಂಡ್ ಕಾರು ಚಾಲೂ ಮಾಡಿದೊಡನೆ ಅದೂ ಸಿಡಿಯಿತು. ಮೈತುಂಬ ಗಾಯ, ಪ್ರಾಣ ಹೋಗಲಿಲ್ಲ. ಶಿಕ್ಷೆಯಾದದ್ದು ಯಾರಿಗೆ? ಪೊಲೀಸ್ ಕ್ಯಾಪ್ಟನ್ ಅರ್ಲ್ ಕೈನೆಟ್‌ಗೆ!

ಜನ ಸಹಿ ಹಾಕಿದರು. ಸೆಪ್ಟೆಂಬರ್ 16ರಂದು ಶಾ ಸೋತರು, ನ್ಯಾಯಾಧೀಶ ಫ್ಲೆಚರ್ ಬೌರನ್ ಮೇಯರಾದರು. ಆದರೆ ಶಾ ಮೇಲೆ ಯಾವ ಅಪರಾಧವೂ ನ್ಯಾಯಾಲಯದಲ್ಲಿ ಸಾಬೀತಾಗಲಿಲ್ಲ ಎಂಬುದನ್ನೂ ಹೇಳಬೇಕು. ಈ ಹಕ್ಕಿನ ಬಗ್ಗೆ ನನಗೆ ಆಸೆಯಷ್ಟೇ ಅಂಜಿಕೆಯೂ ಇದೆ.

ಕರ್ನಾಟಕದಲ್ಲಿ ಮೇಯರನ್ನು ಆರಿಸುವವರು ಕಾರ್ಪೊರೇಟರುಗಳು, ನಾವಲ್ಲ ಎಂದೆ. "ಹಾಗಾದರೆ ಕಾರ್ಪೊರೇಟರನ್ನಾದರೂ ವಾಪಸ್ ಕರೆಯಬಹುದೇ?" ಎಂದಳು. ಅದೂ ಆಗದು, ಮುಂದಿನ ಚುನಾವಣೆಯವರೆಗೆ ಕಾಯಬೇಕು ಎಂದೆ. ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ.