ಮನೆ ಕಟ್ಟುವ ಮುಂಚೆ ಲೆಕ್ಕ ಬರೆಯೋಣ

(ಕಲಿಕಾ ಕೇಂದ್ರದಲ್ಲಿ ಮಾಡಿದ ಭಾಷಣ)



ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಅಂತ ಗಾದೆ ಇದೆ. ಎರಡರಲ್ಲೂ ಲೆಕ್ಕ ತಪ್ಪಿದರೆ ಸಾಲ ಹೆಗಲೇರುತ್ತದೆ. ನಮ್ಮ ಊರುಗಳಲ್ಲಿ ನೋಡಿರಿ. ಗೋಡೆ ಎದ್ದಿರುತ್ತದೆ, ಸೂರು ಇರುವುದಿಲ್ಲ. ಒಳಗೆ ಗಿಡ ಬೆಳೆದಿರುತ್ತದೆ. ಯಾಕೆ ನಿಂತಿತು ಅಂತ ಕೇಳಿದರೆ, "ದುಡ್ಡು ಮುಗೀತು" ಅನ್ನುತ್ತಾರೆ. ಒಟ್ಟು ಎಷ್ಟು ಬೇಕಿತ್ತು ಅಂತ ಕೇಳಿದರೆ ಉತ್ತರ ಇಲ್ಲ. "ಮೇಸ್ತ್ರಿ ಹೇಳಿದ, ನಾವು ಕೊಟ್ಟೆವು," ಅಷ್ಟೇ.

ಈಗ ನಮಗೆ ಅಕ್ಷರ ಬಂದಿದೆ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಬಂದಿದೆ. ಮನೆಯ ಲೆಕ್ಕಕ್ಕೆ ಇಷ್ಟು ಸಾಕು. ಬನ್ನಿ, ಒಂದು ಮನೆಯನ್ನು ಮೊದಲು ಕಾಗದದ ಮೇಲೆ ಕಟ್ಟೋಣ.

ಮನೆ 20 ಅಡಿ ಉದ್ದ, 15 ಅಡಿ ಅಗಲ. ಒಟ್ಟು 300 ಚದರ ಅಡಿ. 2016ರಲ್ಲಿ ಶುರುವಾದ ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಮನೆ ಕಡೇಪಕ್ಷ 25 ಚದರ ಮೀಟರ್ ಇರಬೇಕು. ಅದು ಸುಮಾರು 269 ಚದರ ಅಡಿ. ನಮ್ಮದು ಅದಕ್ಕಿಂತ ಸ್ವಲ್ಪ ದೊಡ್ಡದು.

ಗೋಡೆಯ ಲೆಕ್ಕ

ಗೋಡೆ 9 ಇಂಚು ದಪ್ಪ, 10 ಅಡಿ ಎತ್ತರ. ಉದ್ದದ ಗೋಡೆ ಎರಡು, 40 ಅಡಿ ಆಯ್ತು. ಅಗಲದ ಗೋಡೆ ಎರಡು. ಇದನ್ನು 30 ಅಡಿ ಅಂತ ಬರೆಯಬಾರದು. ಮೂಲೆಗಳನ್ನು ಉದ್ದದ ಗೋಡೆಯಲ್ಲೇ ಎಣಿಸಿ ಆಗಿದೆ. ಆದ್ದರಿಂದ ಒಂದೊಂದು ಹದಿಮೂರೂವರೆ ಅಡಿ, ಎರಡಕ್ಕೆ 27 ಅಡಿ. ನಡುಗೋಡೆ ಇನ್ನೊಂದು ಹದಿಮೂರೂವರೆ. ಎಲ್ಲ ಕೂಡಿದರೆ ಎಂಬತ್ತೂವರೆ ಅಡಿ. ಎತ್ತರ 10ರಿಂದ ಗುಣಿಸಿರಿ. 805 ಚದರ ಅಡಿ ಬಂತು.

ಈಗ ಬಾಗಿಲು ಕಿಟಕಿ ಕಳೆಯೋಣ. 3 ಅಡಿಗೆ 7 ಅಡಿ ಬಾಗಿಲು ಎರಡು, 42 ಚದರ ಅಡಿ. 3 ಅಡಿಗೆ 4 ಅಡಿ ಕಿಟಕಿ ನಾಲ್ಕು, 48 ಚದರ ಅಡಿ. ಒಟ್ಟು 90. ಉಳಿದದ್ದು 715 ಚದರ ಅಡಿ.

ಗಾರೆ ಸೇರಿಸಿ ಇಟ್ಟಿಗೆ 9 ಇಂಚು ಉದ್ದ, ನಾಲ್ಕೂವರೆ ಇಂಚು ಅಗಲ, 3 ಇಂಚು ಎತ್ತರ ಇದ್ದರೆ, ಇಂಥ ಗೋಡೆಯ ಒಂದು ಚದರ ಅಡಿಗೆ ಹತ್ತಿರ ಹತ್ತಿರ 11 ಇಟ್ಟಿಗೆ ಬೇಕು. 715ನ್ನು 11ರಿಂದ ಗುಣಿಸಿದರೆ 7,865. ಒಡೆಯುವುದಕ್ಕೆ ನೂರಕ್ಕೆ ಐದು ಸೇರಿಸಿದರೆ ಸುಮಾರು 8,300. ನಿಮ್ಮ ಭಟ್ಟಿಯ ಇಟ್ಟಿಗೆ ಚಿಕ್ಕದಿದ್ದರೆ ಲೆಕ್ಕ ಹೆಚ್ಚಾಗುತ್ತದೆ. ಅಳೆದೇ ಬರೆಯಿರಿ.

ಬಾಗಿಲು ಕಿಟಕಿ ಕಳೆಯದೆ ಹೋಗಿದ್ದರೆ ಏನಾಗುತ್ತಿತ್ತು? ಒಂದು ಸಾವಿರ ಇಟ್ಟಿಗೆ ಹೆಚ್ಚು ತರಿಸುತ್ತಿದ್ದೆವು. ಗಾಳಿ ಬೆಳಕು ಬರುವ ಜಾಗಕ್ಕೂ ದುಡ್ಡು ಕೊಟ್ಟಂತೆ ಆಗುತ್ತಿತ್ತು!

ತಾರಸಿಯ ಲೆಕ್ಕ

300 ಚದರ ಅಡಿ ತಾರಸಿ, 5 ಇಂಚು ದಪ್ಪ. ಅಂದರೆ 125 ಘನ ಅಡಿ ಕಾಂಕ್ರೀಟು. ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ ಹಾಕಿದರೆ ಸುಮಾರು 29 ಚೀಲ ಸಿಮೆಂಟು ಬೇಕು. ಚೀಲ 50 ಕಿಲೋದು. ಕಂಬಿ ಎಷ್ಟು, ಎಷ್ಟು ದೂರಕ್ಕೆ ಅನ್ನುವುದನ್ನು ಇಂಜಿನಿಯರ್ ಬಳಿ ಬರೆಸಿಕೊಳ್ಳಿರಿ. ಅಲ್ಲಿ ಊಹೆ ಬೇಡ, ಉಳಿತಾಯವೂ ಬೇಡ. ತಲೆಯ ಮೇಲಿನ ಸೂರು ಅದು.

ಕಂಬಿಯನ್ನು ತೂಗಿಸಿ ತನ್ನಿರಿ. 8 ಮಿಲಿಮೀಟರಿನ 12 ಮೀಟರ್ ಕಂಬಿ ಸುಮಾರು 4 ಕಿಲೋ 700 ಗ್ರಾಂ ತೂಗಬೇಕು. ಬಹಳ ಕಡಿಮೆ ಬಂದರೆ ಕಂಬಿ ಸಣ್ಣದು ಅಂತ ತಿಳಿಯಿರಿ.

ಮರಳನ್ನಾಗಲಿ ಎಂ-ಸ್ಯಾಂಡನ್ನಾಗಲಿ "ಒಂದು ಲೋಡು" ಅಂತ ಕೊಳ್ಳಬೇಡಿರಿ. ಗಾಡಿಯಲ್ಲಿ ಇರುವಾಗಲೇ ಟೇಪು ಹಿಡಿಯಿರಿ. ಉದ್ದ, ಅಗಲ, ಎತ್ತರ ಗುಣಿಸಿರಿ. ತೇವ ಇರುವ ಮರಳು ಉಬ್ಬಿರುತ್ತದೆ. ಕಾಲು ಭಾಗದಷ್ಟೂ ಹೆಚ್ಚು ಕಾಣಬಹುದು. ಅದನ್ನೂ ನೆನಪಿಡಿರಿ.

ಕೂಲಿಯ ಲೆಕ್ಕ

ಒಬ್ಬ ಗಾರೆಯವರು ದಿನಕ್ಕೆ ಸುಮಾರು 40 ಘನ ಅಡಿ ಗೋಡೆ ಕಟ್ಟುತ್ತಾರೆ. ನಮ್ಮ 715 ಚದರ ಅಡಿ ಗೋಡೆ ಸುಮಾರು 536 ಘನ ಅಡಿ. ಇಬ್ಬರು ಗಾರೆಯವರಿಗೆ ಏಳು ದಿನದ ಕೆಲಸ. ಜೊತೆಗೆ ಕಲ್ಲು ಮಣ್ಣು ಹೊರುವ ಕೈಯಾಳುಗಳ ಕೂಲಿ ಸೇರಿಸಿರಿ. ಅವರಲ್ಲಿ ಹೆಚ್ಚಿನವರು ನಮ್ಮ ಅಕ್ಕ ತಂಗಿಯರೇ. ಒಂದೇ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಅಂತ 1976ರಲ್ಲೇ ಕಾನೂನು ಬಂತು. ನಾವು ಲೆಕ್ಕ ಬರೆಯುವಾಗ ಹೆಣ್ಣಾಳಿಗೆ ಕಡಿಮೆ ಬರೆಯುವುದು ಬೇಡ.

ಮೇಸ್ತ್ರಿಗಳ ದರ

ಮೂವರು ಮೇಸ್ತ್ರಿಗಳನ್ನು ಕೇಳಿರಿ. ಮೂವರಿಗೂ ಒಂದೇ ಪಟ್ಟಿ ತೋರಿಸಿರಿ. ದರ ಮಾತ್ರ ಕೇಳಿದರೆ ಮೋಸ ಹೋಗುತ್ತೇವೆ. ಲೆಕ್ಕ ಸುಲಭವಾಗಲಿ ಅಂತ ಒಂದು ಉದಾಹರಣೆ ಹೇಳುತ್ತೇವೆ. ಒಬ್ಬರು ಬರೀ ಕೂಲಿಗೆ ಚದರ ಅಡಿಗೆ 300 ರೂಪಾಯಿ ಅಂದರು. 90,000 ಆಯ್ತು. ಇನ್ನೊಬ್ಬರು 330 ಅಂದರು. 99,000 ಆಯ್ತು. ಮೊದಲನೆಯದೇ ಅಗ್ಗ ಅಂತ ಕಾಣುತ್ತದೆ. ಆದರೆ ಸೆಂಟ್ರಿಂಗು, ಹೊರಗಿನ ಗಿಲಾವು ಅವರ ದರದಲ್ಲಿ ಇಲ್ಲ. ಅದಕ್ಕೆ ಬೇರೆ 15,000. ಈಗ ಕೂಡಿರಿ. 1,05,000! ಅಗ್ಗ ಅಂದುಕೊಂಡದ್ದೇ ದುಬಾರಿ ಆಯ್ತು.

ಆದ್ದರಿಂದ ದರದಲ್ಲಿ ಏನೇನು ಸೇರಿದೆ ಅಂತ ಒಂದೊಂದಾಗಿ ಬರೆಸಿರಿ. ಪಾಯ ತೋಡುವುದು ಯಾರು? ಸೆಂಟ್ರಿಂಗು ಯಾರದು? ಗಿಲಾವು ಒಳಗೆ ಮಾತ್ರವೋ, ಹೊರಗೂ ಉಂಟೋ? ನೀರು ಹಾಕುವುದು ಯಾರು? ನೆಲ ಯಾರದು?

ಹಣವನ್ನು ಒಟ್ಟಿಗೆ ಕೊಡಬೇಡಿರಿ. ಪಾಯಕ್ಕೆ ಇಷ್ಟು, ಲಿಂಟಲ್‌ಗೆ ಇಷ್ಟು, ತಾರಸಿಗೆ ಇಷ್ಟು, ಗಿಲಾವಿಗೆ ಇಷ್ಟು ಅಂತ ಗೊತ್ತು ಮಾಡಿರಿ. ಕೆಲಸ ಮುಗಿದಂತೆ ಕೊಡಿರಿ. ಸರ್ಕಾರದ ಮನೆಯ ಹಣವೂ ಹೀಗೆ ಕಂತಿನಲ್ಲೇ ಬರುತ್ತದೆ. ಕೊಟ್ಟ ದಿನವೇ ತಾರೀಖು ಹಾಕಿ ಬರೆಯಿರಿ. ಮೇಸ್ತ್ರಿಯ ಸಹಿ, ನಿಮ್ಮ ಸಹಿ ಎರಡೂ ಇರಲಿ. ಪ್ರಾಮಾಣಿಕ ಮೇಸ್ತ್ರಿಗೂ ಇದರಿಂದ ಒಳ್ಳೆಯದೇ. ಜಗಳ ಬರುವುದಿಲ್ಲ.

ಎಲ್ಲ ಕೂಡಿದ ಮೇಲೆ ನೂರಕ್ಕೆ ಹತ್ತು ರೂಪಾಯಿ ಬೇರೆ ಎತ್ತಿಡಿರಿ. ದರ ಏರಬಹುದು, ಮಳೆ ಬರಬಹುದು. ಆಗಲೂ ಮೊತ್ತ ಕೈ ಮೀರಿದರೆ ಮನೆಯನ್ನು ಕಾಗದದ ಮೇಲೆ ಚಿಕ್ಕದು ಮಾಡಿರಿ. ಅಲ್ಲಿ ಗೋಡೆ ಅಳಿಸಲು ಒಂದು ರಬ್ಬರ್ ಸಾಕು. ನೆಲದ ಮೇಲೆ ಎದ್ದ ಗೋಡೆ ಹಾಗೆ ಅಳಿಯುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದು ಇದಕ್ಕೇ.

ನಾಳೆ ಬರುವಾಗ ಒಂದು ಟೇಪು ತನ್ನಿರಿ. ಈ ಕೇಂದ್ರದ ಗೋಡೆಯನ್ನೇ ಅಳೆಯೋಣ. ಎಷ್ಟು ಇಟ್ಟಿಗೆ ಹಿಡಿದಿದೆ ಅಂತ ಎಲ್ಲರೂ ತಮ್ಮ ತಮ್ಮ ಪುಸ್ತಕದಲ್ಲಿ ಬರೆಯೋಣ.