ಗಂಧದ ಗಡಿ



ಗಡಿಯಾಚೆಗಿನ ಮರದ ವ್ಯಾಪಾರ ಎಂದರೆ ಅಮೆರಿಕ, ಕೆನಡಾಗಳ ಜಗಳ ನೆನಪಾಗುತ್ತದೆ. ಅಷ್ಟು ದೂರ ಯಾಕೆ? ನಾವು ಕೂತಿರುವ ಈ ಸೇಲಂ, ಪಕ್ಕದ ಧರ್ಮಪುರಿ ಎರಡೂ ಅಂಥದೇ ಒಂದು ಲೆಕ್ಕಾಚಾರ ಬೆರೆತ ಒಪ್ಪಂದದಲ್ಲಿ ಕೈಬದಲಾದ ಸೀಮೆ.

1792ರ ಮಾರ್ಚ್‌ನಲ್ಲಿ ಮೈಸೂರಿನ ಟಿಪ್ಪುವಿಗೂ ಈಸ್ಟ್ ಇಂಡಿಯಾ ಕಂಪನಿಗೂ ನಡೆದ ಯುದ್ಧ ಮುಗಿದು ಶ್ರೀರಂಗಪಟ್ಟಣದ ಒಪ್ಪಂದವಾಯಿತು. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ಶಾಲೆಯ ಪಾಠ ಇಲ್ಲಿಗೆ ಮುಗಿಯುತ್ತದೆ. ಆದರೆ ಕಂಪನಿ ಯಾವ ತುಂಡುಗಳನ್ನು ಆರಿಸಿಕೊಂಡಿತು ನೋಡಿ: ಮಲಬಾರು, ಕೊಡಗು, ದಿಂಡಿಗಲ್, ಸೇಲಂ, ಬಾರಾಮಹಲ್ ಅಂದರೆ ಈ ಧರ್ಮಪುರಿಯ ಸೀಮೆ. ಬಾರಾಮಹಲು ಬೇಕಾದದ್ದು ಘಟ್ಟದ ದಾರಿಗಳಿಗಾಗಿ. ಮೈಸೂರಿನ ಕುದುರೆದಂಡು ಆರ್ಕಾಟಿನ ಬಯಲಿಗೆ ಇಳಿಯುತ್ತಿದ್ದುದು ಅಲ್ಲಿಂದಲೇ. ಮಲಬಾರಿನ ಲೆಕ್ಕ ಬೇರೆ, ಅದು ಮೆಣಸು ಬೆಳೆಯುವ, ಗಂಧ ಹಡಗೇರುವ ಕರಾವಳಿ. ಕ್ಯಾಂಟನ್ನಿನಲ್ಲಿ ಚಹಾ ಕೊಳ್ಳಲು ಕಂಪನಿ ಬೆಳ್ಳಿ ಸುರಿಯುತ್ತಿತ್ತು. ಬೆಳ್ಳಿಗೆ ಬದಲಾಗಿ ಚೀನೀಯರು ಒಪ್ಪುತ್ತಿದ್ದ ಕೆಲವೇ ಸರಕುಗಳಲ್ಲಿ ಶ್ರೀಗಂಧವೂ ಒಂದು. ಟಿಪ್ಪುವೋ ಗಂಧ, ಮೆಣಸು ಇಂಗ್ಲಿಷರ ಕೈಸೇರದಂತೆ ತಡೆದು, ಮಸ್ಕತ್ತಿನಲ್ಲಿ ತನ್ನದೇ ಕೋಠಿ ತೆರೆದಿದ್ದ. ಬೊಂಬಾಯಿಯ ಇಂಗ್ಲಿಷ್ ವರ್ತಕರಿಗೆ ಆ ಯುದ್ಧ ಬೇಕೇ ಆಗಿತ್ತು.

ಆದರೆ ಗಂಧದ ಕಾಡು ಬಹುಪಾಲು ಮೈಸೂರಿನಲ್ಲೇ ಉಳಿಯಿತು. ಟಿಪ್ಪು ಅದನ್ನು ರಾಜವೃಕ್ಷವೆಂದು ಸಾರಿದ್ದೂ 1792ರಲ್ಲೇ ಎನ್ನುತ್ತಾರೆ. ಮುಂದೆ ಬಂದ ಒಡೆಯರ ಸರ್ಕಾರ ಟಿಪ್ಪುವಿನದೆಂದು ಅದನ್ನು ಬಿಟ್ಟುಕೊಡಲಿಲ್ಲ, ಖಜಾನೆಗೆ ಹಗೆತನವಿಲ್ಲವಲ್ಲ! ರೈತನ ಬದುವಿನಲ್ಲಿ ಹುಟ್ಟಿದರೂ ಮರ ಅರಮನೆಯದು. ಈಚೆಯ ಮದರಾಸು ಸೀಮೆಯಲ್ಲಿ ಅಷ್ಟು ಬಿಗಿಯಿರಲಿಲ್ಲ. ಪಟ್ಟಾ ಜಮೀನಿನ ಗಂಧ ಪಟ್ಟಾದಾರನದು. ಒಂದೇ ಕಾಡು, ಒಂದೇ ಮರ, ನಡುವೆ ಗೆರೆ, ಎರಡು ಕಾನೂನು. ಕಳ್ಳಸಾಗಣೆಗೆ ಇನ್ನೇನು ಬೇಕು? ಮುಂದೆ ಕಾಡುಗಳ್ಳ ವೀರಪ್ಪನ್ ಬೆಳೆದದ್ದೂ ಆ ಗೆರೆಯ ಆಸರೆಯಲ್ಲೇ: ಆಚೆಯ ಪೊಲೀಸರು ಬೆನ್ನುಹತ್ತಿದರೆ ಈಚೆ, ಈಚೆಯವರು ಬಂದರೆ ಆಚೆ.

ಬೆಲೆ ತೆತ್ತವರು ಬೇರೆ. ಧರ್ಮಪುರಿ ಜಿಲ್ಲೆಯ ಹರೂರಿನ ಬಳಿ ಬುಡಕಟ್ಟಿನವರ ವಾಚಾತಿ ಎಂಬ ಊರಿದೆ. 1992ರ ಜೂನ್ 20ರಂದು ಗಂಧ ಹುಡುಕುತ್ತೇವೆಂದು ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ಅಲ್ಲಿಗೆ ನುಗ್ಗಿದರು. ಮನೆಗಳನ್ನು ಹಾಳುಗೆಡವಿದರು, 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾಯಿತು. 2011ರಲ್ಲಿ ಧರ್ಮಪುರಿಯ ನ್ಯಾಯಾಲಯ 215 ಮಂದಿಗೆ ಶಿಕ್ಷೆ ವಿಧಿಸಿತು. ಮದರಾಸು ಹೈಕೋರ್ಟು ಅದನ್ನು ಎತ್ತಿಹಿಡಿದದ್ದು 2023ರಲ್ಲಿ.

ಹೊಲದಲ್ಲಿ ಬೆಳೆದ ಗಂಧ ಹೊಲದವನದೇ ಎಂದು ಕರ್ನಾಟಕದ ಕಾನೂನು ಒಪ್ಪಿಕೊಂಡಿದ್ದು 2001ರಲ್ಲಿ, ಶ್ರೀರಂಗಪಟ್ಟಣದ ಆ ಒಪ್ಪಂದವಾಗಿ 209 ವರ್ಷಗಳ ಮೇಲೆ.