ಶುಶ್ರೂಷೆ



ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಗುರುವು ತಾಯಿತಂದೆಗಳ ವಿಷಯವನ್ನು ಉಪದೇಶಿಸುವುದು ಯಾರಿಗೆ? ಆಡುವ ಕೂಸಿಗಲ್ಲ. ಓದು ಮುಗಿಸಿ, ಇನ್ನು ಮನೆಕಟ್ಟಿ ಬಾಳಲು ಹೊರಟುನಿಂತ ಶಿಷ್ಯನಿಗೆ. ಮರೆಯುವ ವಯಸ್ಸು ಅದೇ ಎಂಬುದು ಆ ಗುರುವಿಗೆ ಗೊತ್ತಿದ್ದಿತು.

ವೃದ್ಧಾಶ್ರಮಕ್ಕೆ ಸೇರಿಸಿದ್ದೇ ಪಾಪವೆಂದು ನಾವು ಹೇಳುವುದಿಲ್ಲ. ಗಂಡಹೆಂಡಿರಿಬ್ಬರೂ ದುಡಿಯುವ ಮನೆಯಲ್ಲಿ, ನೆನಪು ತಪ್ಪಿ ನಡುರಾತ್ರಿ ಬೀದಿಗೆ ಹೊರಡುವ ಹಿರಿಯರನ್ನು ಕಾಯುವುದು ಸುಲಭವಲ್ಲ. ಕಷ್ಟ ಕಷ್ಟವೇ. ಆದರೆ ತಿಂಗಳ ಹಣ ಕಟ್ಟಿದೊಡನೆ ಋಣ ಹರಿಯಿತೆಂದು ತಿಳಿಯುವುದು ಸಲ್ಲದು.

‘ಶುಶ್ರೂಷೆ’ ಎಂಬ ಮಾತನ್ನು ನೋಡಿರಿ. ‘ಶ್ರು’ ಎಂದರೆ ಕೇಳು. ಆ ಧಾತುವಿಗೆ ಸನ್ ಪ್ರತ್ಯಯ ಸೇರಿದರೆ ಕೇಳುವ ಇಚ್ಛೆ ಎಂದಾಗುತ್ತದೆ. ಸೇವೆ ಎಂಬ ಅರ್ಥ ಅದರ ಬೆನ್ನಿಗೆ ಬಂದದ್ದು. ಔಷಧ, ಗಂಜಿಗಳನ್ನು ಕೂಲಿಯವರು ಕೊಟ್ಟಾರು. ಕೇಳುವ ಕಿವಿ ಮಕ್ಕಳದೇ ಆಗಬೇಕು.

ನಮ್ಮ ಭಕ್ತರೊಬ್ಬರ ತಾಯಿ ಪಟ್ಟಣದ ಒಂದು ಆಶ್ರಮದಲ್ಲಿದ್ದರು. ಮಗ ದೂರದೇಶದಿಂದ ವಾರಕ್ಕೊಮ್ಮೆ ಫೋನಿನಲ್ಲಿ ಮುಖ ನೋಡಿ “ಹ್ಯಾಂಗಿದ್ದೀ ಅವ್ವಾ” ಎಂದರೆ “ಆರಾಮ ಇದ್ದೀನಪ್ಪಾ” ಎಂದೇ ಉತ್ತರ. ಫೋನು ಹಿಡಿದು ನಿಂತವಳು ಅಲ್ಲಿಯ ಆಯಾ! ಅವಳೆದುರು ಆ ತಾಯಿ ಬೇರೇನು ಹೇಳಿಯಾರು? ಒಂದು ದಿನ ಮಗಳು ಮುನ್ಸೂಚನೆಯಿಲ್ಲದೆ ಹೋಗಿ ಹೊದಿಕೆ ಸರಿಸಿದರೆ ಸೊಂಟದಲ್ಲಿ ಅಂಗೈಯಗಲದ ಹುಣ್ಣು. ಕೊರಳಲ್ಲಿ ಲಿಂಗವಿಲ್ಲ, ಸ್ನಾನ ಮಾಡಿಸುವಾಗ ತೆಗೆದ ಕರಡಿಗೆ ಕಪಾಟಿನಲ್ಲೇ ಉಳಿದಿತ್ತು. ಆ ತಾಯಿ ಹುಣ್ಣಿನ ಮಾತಿಗಿಂತ ಮೊದಲು ಆಡಿದ್ದು ಕರಡಿಗೆಯ ಮಾತನ್ನಂತೆ.

ಆದುದರಿಂದ ಹೇಳದೆ ಹೋಗಿರಿ. ಊಟದ ಹೊತ್ತಿಗೂ ಹೋಗಿರಿ, ಸಂಜೆಗೂ ಹೋಗಿರಿ. ಬೆನ್ನು, ಸೊಂಟ, ಹಿಮ್ಮಡಿ ನೋಡಿರಿ. ಮಗ್ಗುಲು ಬದಲಿಸದೆ ಮಲಗಿಸಿಟ್ಟರೆ ಹಾಸಿಗೆ ಹುಣ್ಣು ಅಲ್ಲಿಯೇ ಏಳುತ್ತದೆ. ಮಣಿಕಟ್ಟಿನಲ್ಲಿ ಕಟ್ಟಿದ ಗುರುತಿದೆಯೆ, ದಿನವೆಲ್ಲ ಮಂಪರೆ, ಮೈ ಇಳಿದಿದೆಯೆ? ವೈದ್ಯರು ಬರೆಯದ ನಿದ್ದೆಗುಳಿಗೆ ನುಂಗಿಸುತ್ತಿದ್ದಾರೆಯೆ ಎಂದು ಚೀಟಿ ತರಿಸಿ ನೋಡಿರಿ. ಆಯಾಳನ್ನು ಹೊರಗೆ ಕಳಿಸಿ ಒಂದು ತಾಸು ಪಕ್ಕದಲ್ಲಿ ಕುಳಿತುಕೊಳ್ಳಿರಿ. ಎಲ್ಲ ಆಯಾಗಳೂ ಕೆಟ್ಟವರಲ್ಲ. ಹತ್ತಾರು ಜನರನ್ನು ಒಬ್ಬಳ ಕೈಗೆ ಕೊಟ್ಟ ಮಾಲೀಕನ ಲೋಭವೂ ಇದರಲ್ಲಿದೆ. ಸಂಶಯ ಬಂದರೆ ಚಿತ್ರ ತೆಗೆದಿಟ್ಟು, ಬೇರೆ ವೈದ್ಯರಿಗೆ ತೋರಿಸಿ, ಪೊಲೀಸರಿಗೆ ದೂರು ಕೊಡಿರಿ. ಮರ್ಯಾದೆಗೆ ಅಂಜಿ ಸುಮ್ಮನೆ ಬೇರೆಡೆಗೆ ಒಯ್ದರೆ, ಆ ಹಾಸಿಗೆಗೆ ನಾಳೆ ಮತ್ತೊಬ್ಬರ ತಾಯಿ ಬರುತ್ತಾಳೆ.

ಇನ್ನು ಹಿರಿಯರಿಗೆ ಒಂದು ಮಾತು. 2007ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು ಕಾಯಿದೆಯಾಗಿದೆ. ನೋಡಿಕೊಳ್ಳದ ಮಕ್ಕಳ ಮೇಲೆ ನಮ್ಮ ರಾಜ್ಯದಲ್ಲಿ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಕೊಡಬಹುದು. ಪೋಷಿಸಬೇಕಾದವರು ಹಿರಿಯರನ್ನು ಎಲ್ಲಿಯಾದರೂ ತೊರೆದುಹೋದರೆ ಮೂರು ತಿಂಗಳವರೆಗೆ ಸೆರೆ, ಇಲ್ಲವೆ 5000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಹೊಲಮನೆಗಳನ್ನು ದಾನಪತ್ರ ಮಾಡುವವರು ‘ಕಡೆತನಕ ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಪತ್ರದಲ್ಲಿಯೇ ಬರೆಸಿರಿ. ನಡೆಸದಿದ್ದರೆ ಆ ಪತ್ರವನ್ನು ರದ್ದುಮಾಡಿಸಲು 23ನೆಯ ಕಲಮಿನಲ್ಲಿ ದಾರಿಯಿದೆ. ಮಗನ ಮೇಲೆ ಅಪನಂಬಿಕೆಯೇ ಎಂದು ಯಾರಾದರೂ ನಕ್ಕರೆ ನಗಲಿ.

ಹಿರಿಯರ ಸಹಾಯವಾಣಿ 14567. ಮನೆಗೆ ಹೋದೊಡನೆ ಅಜ್ಜಅಜ್ಜಿಯರ ಕಣ್ಣಿಗೆ ಕಾಣುವಷ್ಟು ದಪ್ಪ ಅಕ್ಷರದಲ್ಲಿ ಗೋಡೆಯ ಪಂಚಾಂಗದ ಮೇಲೆ ಬರೆದಿಡಿರಿ.